ಮೊಕದ್ದಮೆ ಮುಗಿಯುತ್ತಲೇ ಇಲ್ಲವೇ? ವಿಳಂಬವನ್ನು ಪ್ರಶ್ನಿಸುವ ದಾರಿಗಳು, ಹಂತ ಹಂತವಾಗಿ

ಕಾನೂನು ಸೇವಾ ಸಮಿತಿಯ ಅರೆ ಕಾನೂನು ಸ್ವಯಂಸೇವಕಿಯಾಗಿ ನಾನು ವಾರಕ್ಕೆರಡು ದಿನ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕೂರುತ್ತೇನೆ. ಬರುವವರ ಕೈಯಲ್ಲಿ ಬಟ್ಟೆ ಅಂಗಡಿಯ ಹಳೆಯ ಚೀಲ, ಅದರೊಳಗೆ ದಾರ ಸುತ್ತಿದ ಕಾಗದದ ಕಟ್ಟು. ಕೂತ ಮೇಲೆ ಬಹುತೇಕರ ಮೊದಲ ಮಾತು ಒಂದೇ: "ವರ್ಷಗಟ್ಟಲೆ ಅಲೆಯುತ್ತಿದ್ದೇನಮ್ಮ, ಇದಕ್ಕೆ ಕೊನೆಯೇ ಇಲ್ಲವೇ?" ಕೊನೆ ಯಾವಾಗ ಎಂದು ನಾನು ಹೇಳಲಾರೆ. ತಡವಾಗುತ್ತಿರುವುದನ್ನು ಯಾರ ಮುಂದೆ, ಯಾವ ಕಾಗದ ಹಿಡಿದು, ಹೇಗೆ ಕೇಳಬೇಕು ಎಂದು ಹೇಳಬಲ್ಲೆ. ಈ ಬರಹ ಅಷ್ಟಕ್ಕೇ.

ಮೊದಲು, ಈ ಹಕ್ಕು ಎಲ್ಲಿಂದ ಬಂತು

ಸಂವಿಧಾನದಲ್ಲಿ ಎಲ್ಲಿ ಹುಡುಕಿದರೂ "ಶೀಘ್ರ ವಿಚಾರಣೆಯ ಹಕ್ಕು" ಎಂಬ ಮಾತು ಸಿಗುವುದಿಲ್ಲ. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಪರವಾಗಿ ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. ತಪ್ಪು ಸಾಬೀತಾಗಿದ್ದರೆ ಸಿಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲವನ್ನು ಅವರಲ್ಲಿ ಕೆಲವರು ಆಗಲೇ ಒಳಗೆ ಕಳೆದಿದ್ದರು. ಹುಸೇನಾರಾ ಖಾತೂನ್ ಪ್ರಕರಣವೆಂದೇ ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, 21ನೇ ವಿಧಿ ಕೊಡುವ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನೊಳಗೇ ಶೀಘ್ರ ವಿಚಾರಣೆಯೂ ಸೇರಿದೆ ಎಂದಿತು.

1991ರ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಎ.ಆರ್. ಅಂತುಳೆ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ತನಿಖೆಯಿಂದ ಹಿಡಿದು ಮೇಲ್ಮನವಿಯವರೆಗೆ ಎಲ್ಲ ಹಂತಕ್ಕೂ ಈ ಹಕ್ಕು ಅನ್ವಯಿಸುತ್ತದೆ. ಆದರೆ ಇಷ್ಟೇ ವರ್ಷ ಎಂದು ಗೆರೆ ಎಳೆಯಲಾಗದು. ತಡ ಯಾರಿಂದ ಆಯಿತು ಎಂಬುದನ್ನು ತೂಗಿ ನೋಡಬೇಕು. ಆಮೇಲಿನ ಕೆಲವು ತೀರ್ಪುಗಳು ಗೆರೆ ಎಳೆಯಲು ಹೊರಟವು. ಅದನ್ನು ಅಳಿಸಿದ್ದು ನಮ್ಮ ಮಂಗಳೂರಿನಿಂದ ಹೋದ ಪ್ರಕರಣ. ಅಲ್ಲಿನ ಮಹಾನಗರ ಪಾಲಿಕೆಯ ನೌಕರರೊಬ್ಬರ ವಿರುದ್ಧದ ಅಕ್ರಮ ಆಸ್ತಿ ಮೊಕದ್ದಮೆಯನ್ನು, ನಿಗದಿತ ಅವಧಿಯಲ್ಲಿ ವಿಚಾರಣೆ ಆರಂಭವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಶೇಷ ನ್ಯಾಯಾಲಯ ಮುಗಿಸಿಬಿಟ್ಟಿತ್ತು. 2002ರಲ್ಲಿ ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಕ್ಯಾಲೆಂಡರ್ ನೋಡಿ ಮೊಕದ್ದಮೆ ಮುಗಿಸುವಂತಿಲ್ಲ ಎಂದಿತು. ಹಾಗಾಗಿ "ಹತ್ತು ವರ್ಷ ಆಯಿತು, ಕೇಸು ವಜಾ ಮಾಡಿ" ಎಂಬ ವಾದಕ್ಕೆ ಅಷ್ಟರಿಂದಲೇ ಬಲ ಬರುವುದಿಲ್ಲ. ಆ ಹತ್ತು ವರ್ಷದಲ್ಲಿ ಏನೇನಾಯಿತು ಎಂದು ತೋರಿಸಬೇಕು.

ಹಂತ 1: ಆರ್ಡರ್ ಶೀಟ್ ತರಿಸಿ, ತಾರೀಖುಗಳ ಲೆಕ್ಕ ಹಾಕಿ

ಇದೊಂದು ಕೆಲಸಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ನೀವೂ ಕೊಡಿ.

ಪ್ರತಿ ತಾರೀಖಿನಂದು ನ್ಯಾಯಾಲಯದಲ್ಲಿ ಏನು ನಡೆಯಿತು ಎಂಬುದನ್ನು ಆರ್ಡರ್ ಶೀಟಿನಲ್ಲಿ ಬರೆದಿರುತ್ತಾರೆ. ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಮೊದಲ ದಿನದಿಂದ ಇಂದಿನವರೆಗಿನ ಆರ್ಡರ್ ಶೀಟಿನ ದೃಢೀಕೃತ ನಕಲು ಪಡೆಯಿರಿ. ಅದು ಬರುವವರೆಗೆ ಇ-ಕೋರ್ಟ್ಸ್ ಆ್ಯಪ್ ತೆರೆದು ನಿಮ್ಮ ಪ್ರಕರಣದ ಗುರುತಾದ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಹಾಕಿದರೆ ತಾರೀಖುಗಳ ಪಟ್ಟಿ ಮೊಬೈಲಿನಲ್ಲೇ ಕಾಣುತ್ತದೆ; ಕರ್ನಾಟಕದ ಸಂಖ್ಯೆಗಳು ಕೆ.ಎ. ಎಂದು ಆರಂಭವಾಗುತ್ತವೆ. ಆದರೆ ಮೇಲಿನ ನ್ಯಾಯಾಲಯಕ್ಕೆ ಹೋಗುವುದಾದರೆ ದೃಢೀಕೃತ ನಕಲೇ ಬೇಕು.

ಈಗ ಗೆರೆ ಹಾಕಿದ ಒಂದು ನೋಟ್ ಪುಸ್ತಕ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ: ತಾರೀಖು, ಯಾವುದಕ್ಕೆಂದು ಇಟ್ಟಿದ್ದರು, ಏಕೆ ಮುಂದಕ್ಕೆ ಹೋಯಿತು, ಯಾರಿಂದ. ಕೊನೆಯ ಕಾಲಮಿನಲ್ಲಿ ಒಂದೊಂದೇ ಅಕ್ಷರ ಸಾಕು. ನಾವು ಎಂಬುದಕ್ಕೆ "ನಾ", ಎದುರು ಪಕ್ಷಕ್ಕೆ "ಎ", ಕೋರ್ಟಿಗೆ "ಕೋ". ಪೀಠಾಸೀನ ಅಧಿಕಾರಿ ರಜೆ, ಹುದ್ದೆ ಖಾಲಿ, ಸಮಯ ಸಾಲಲಿಲ್ಲ, ಇವೆಲ್ಲ "ಕೋ". ಸಮನ್ಸ್ ಜಾರಿಯಾಗದೆ ಹಿಂದಿರುಗಿದ್ದರೆ ಮಾತ್ರ ಸ್ವಲ್ಪ ನಿಲ್ಲಿ. ವಿಳಾಸ ತಪ್ಪು ಕೊಟ್ಟಿದ್ದೇವೆಯೇ, ಪ್ರೋಸೆಸ್ ಶುಲ್ಕ ಕಟ್ಟಿರಲಿಲ್ಲವೇ, ಅಥವಾ ಪೊಲೀಸರು ಸಾಕ್ಷಿಯನ್ನು ಕರೆತರಲಿಲ್ಲವೇ? ಉತ್ತರಕ್ಕೆ ತಕ್ಕಂತೆ ಅಕ್ಷರ ಬದಲಾಗುತ್ತದೆ.

ಪಾಲಿನ ದಾವೆ ಹೂಡಿದ್ದ ಹಿರಿಯರೊಬ್ಬರ ಆರ್ಡರ್ ಶೀಟನ್ನು ಹೀಗೆ ಒಮ್ಮೆ ಅವರ ಎದುರಿಗೇ ಲೆಕ್ಕ ಹಾಕಿದೆ. ಒಟ್ಟು 74 ತಾರೀಖು. "ಕೋ" 31, "ಎ" 22, "ನಾ" 21. ಅಷ್ಟು ಹೊತ್ತೂ ಎದುರಾಳಿ ತಮ್ಮನನ್ನೇ ಬೈಯುತ್ತಿದ್ದ ಅವರು, ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು 21 "ನಾ"ಗಳನ್ನೂ ಬೆರಳಿಟ್ಟು ಎಣಿಸಿದರು. "ವಾದಿ ಪರ ವಕೀಲರು ಕಾಲಾವಕಾಶ ಕೋರಿದ್ದಾರೆ" ಎಂಬ ಸಾಲು ಮತ್ತೆ ಮತ್ತೆ ಬಂದಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆ ಇತ್ತು: ಮೂರನೇ ಪ್ರತಿವಾದಿ ತೀರಿಕೊಂಡು ವರ್ಷವೊಂದು ಕಳೆದಿದ್ದರೂ ಅವರ ವಾರಸುದಾರರನ್ನು ದಾಖಲೆಗೆ ತಂದಿರಲಿಲ್ಲ. ಇದಕ್ಕೆ ಇರುವ ಅವಧಿ 90 ದಿನ. ಮೀರಿದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆಯೇ ಬಿದ್ದುಹೋಗುತ್ತದೆ, ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಬೇರೆ ಅರ್ಜಿ, ತಡಕ್ಕೆ ಕ್ಷಮೆ ಕೋರಿ ಇನ್ನೊಂದು ಅರ್ಜಿ. ಆ ದಿನ ಅವರಿಗೆ ಬೇಕಾಗಿದ್ದು ಈ ಎರಡು ಅರ್ಜಿ. ಹೈಕೋರ್ಟಿನ ಮಾತನ್ನು ನಾನು ಎತ್ತಲೇ ಇಲ್ಲ.

ನಿಮ್ಮ ಪುಸ್ತಕದಲ್ಲಿ "ನಾ" ಜಾಸ್ತಿ ಇದ್ದರೆ ಮೊದಲು ನಿಮ್ಮ ವಕೀಲರೊಡನೆ ಕೂತು ಮಾತನಾಡಿ. ಜಗಳ ಬೇಡ, ಲೆಕ್ಕ ತೋರಿಸಿ. ಮೇಲಿನ ಕೋರ್ಟಿನಲ್ಲಿ ಎದುರು ವಕೀಲರು ಮೊದಲು ಎತ್ತಿ ಓದುವುದು ಅವೇ ಸಾಲುಗಳನ್ನು.

ಹಂತ 2: ನಿಮ್ಮ ಪ್ರಕರಣಕ್ಕೆ ಕಾನೂನೇ ಗಡುವು ಹಾಕಿದೆಯೇ ನೋಡಿ

ಸಂವಿಧಾನದ ಹಕ್ಕಿನ ಮಾತು ದೊಡ್ಡದು. ಕೆಲಸ ಮಾಡಿಸುವುದು ಹಲವು ಬಾರಿ ಸಣ್ಣ ಕಲಮುಗಳೇ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಮಿನ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು. ಮಧ್ಯಂತರ ಜೀವನಾಂಶದ ಅರ್ಜಿಗೂ ನೋಟಿಸ್ ಜಾರಿಯಾದ ಮೇಲೆ ಸಾಧ್ಯವಾದಷ್ಟು ಮಟ್ಟಿಗೆ 60 ದಿನ. ಹಿಂದೂ ವಿವಾಹ ಕಾಯ್ದೆಯ ಅರ್ಜಿಗೆ ಮತ್ತು ಚೆಕ್ ಬೌನ್ಸ್ ಪ್ರಕರಣಕ್ಕೆ ಆರು ತಿಂಗಳು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಅಂದರೆ ಪೋಕ್ಸೊ ಪ್ರಕರಣದಲ್ಲಿ ಮಗುವಿನ ಸಾಕ್ಷ್ಯಕ್ಕೆ 30 ದಿನ, ಇಡೀ ವಿಚಾರಣೆಗೆ ಒಂದು ವರ್ಷ. ಸಿವಿಲ್ ದಾವೆಗಳಿಗೆ ಕರ್ನಾಟಕದಲ್ಲಿ 2005ರ ಪ್ರಕರಣ ನಿರ್ವಹಣಾ ನಿಯಮಗಳಿವೆ. ಅವು ದಾವೆಗಳನ್ನು ಬೇರೆ ಬೇರೆ ಸಾಲಿಗೆ ಹಂಚಿ ಒಂದೊಂದಕ್ಕೂ ಗುರಿ ಇಡುತ್ತವೆ. ಪಾಲಿನ ದಾವೆಗೆ ಇಟ್ಟ ಗುರಿ 24 ತಿಂಗಳು. ಇದನ್ನು ಓದಿ ಹೇಳಿದಾಗ ಆ ಹಿರಿಯರು ನಕ್ಕ ನಗು ಈಗಲೂ ಕಣ್ಣಮುಂದಿದೆ.

ಈ ಗಡುವು ಮೀರಿದರೆ ಪ್ರಕರಣ ತಾನಾಗಿ ನಿಮ್ಮ ಪರ ಆಗಿಬಿಡುವುದಿಲ್ಲ. ಆದರೆ ಅರ್ಜಿಯಲ್ಲಿ "ತುಂಬಾ ತಡವಾಗಿದೆ" ಎಂದು ಬರೆಯುವುದಕ್ಕೂ "ಕಾಯ್ದೆ ಹೇಳಿದ 60 ದಿನ ಮುಗಿದು 400 ದಿನವಾಯಿತು" ಎಂದು ಬರೆಯುವುದಕ್ಕೂ ಅಜಗಜಾಂತರ.

ಹಂತ 3: ಅದೇ ನ್ಯಾಯಾಲಯದಲ್ಲಿ ಲಿಖಿತವಾಗಿ ಕೇಳಿ

ಬಾಯಲ್ಲಿ ಕೇಳಿದ್ದು ದಾಖಲೆಗೆ ಬರುವುದಿಲ್ಲ. ಸಿವಿಲ್ ದಾವೆಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಕಲಮಿನಡಿ ಶೀಘ್ರ ವಿಲೇವಾರಿ ಕೋರಿ ಅರ್ಜಿ ಹಾಕಿಸಿ. ವಯಸ್ಸಾಗಿದ್ದರೆ ಆಧಾರ್ ನಕಲು, ಕಾಯಿಲೆ ಇದ್ದರೆ ವೈದ್ಯರ ಪ್ರಮಾಣಪತ್ರ ಲಗತ್ತಿಸಿ. ತಾರೀಖುಗಳ ನಿಮ್ಮ ಪಟ್ಟಿಯನ್ನೂ ಜೊತೆಗಿಡಿ. ಒಂದೂವರೆ ಪುಟ ದಾಟಬಾರದು.

ಎದುರು ಪಕ್ಷ ಮತ್ತೆ ಮತ್ತೆ ಸಮಯ ಕೇಳುತ್ತಿದ್ದರೆ, ಅದೇ ಸಂಹಿತೆಯ ಆದೇಶ 17 ನಿಯಮ 1ರ ಪ್ರಕಾರ ವಿಚಾರಣೆಯ ಹಂತದಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡುವಂತಿಲ್ಲ. ಇದು ಕಲ್ಲಿನ ಮೇಲೆ ಬರೆದ ಗೆರೆಯಲ್ಲ. ಕೈಮೀರಿದ ಕಾರಣವಿದ್ದರೆ ಸಡಿಲಿಸಬಹುದು ಎಂದು ಸುಪ್ರೀಂ ಕೋರ್ಟ್ 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಹೇಳಿದೆ. ಆದರೂ ನಾಲ್ಕನೆಯ ಬಾರಿ ಸಮಯ ಕೇಳಿದ ದಿನವೇ ನಿಮ್ಮ ಆಕ್ಷೇಪಣೆಯನ್ನು ದಾಖಲಿಸಿ, 35ಬಿ ಕಲಮಿನಡಿ ವೆಚ್ಚ ಹಾಕುವಂತೆ ಕೇಳಬೇಕು. ಆ ವೆಚ್ಚ ಕಟ್ಟದೆ ಅವರು ಮುಂದಿನ ವಾದ ನಡೆಸಲು ಆಗುವುದಿಲ್ಲ. ಒಮ್ಮೆ ಸಾವಿರ ರೂಪಾಯಿ ಬಿದ್ದರೆ ಅನೇಕರಿಗೆ ಆರೋಗ್ಯ ಸುಧಾರಿಸಿಬಿಡುತ್ತದೆ.

ಕ್ರಿಮಿನಲ್ ಪ್ರಕರಣದಲ್ಲಿ ಇದಕ್ಕೆ ಸಮನಾದದ್ದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಮು: ಸಾಕ್ಷ್ಯ ಆರಂಭವಾದರೆ ದಿನದಿನವೂ ನಡೆಯಬೇಕು, ಪಕ್ಷಗಾರನ ಕೈಮೀರಿದ ಕಾರಣವಿದ್ದರೂ ಎರಡಕ್ಕಿಂತ ಹೆಚ್ಚು ಮುಂದೂಡಿಕೆ ಇಲ್ಲ. ಆರೋಪಿಯಷ್ಟೇ ಅಲ್ಲ, ನೊಂದವರೂ ಸರ್ಕಾರಿ ಅಭಿಯೋಜಕರ ಮೂಲಕ ಇದನ್ನು ಕೇಳಬಹುದು. ಶೀಘ್ರ ವಿಚಾರಣೆ ಕೇಳಲಿಲ್ಲ ಎಂಬುದನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ, ಕೇಳಿದ್ದರೆ ಅದು ಅವನ ಪರವಾದ ಅಂಶ ಎಂದು ಅಂತುಳೆ ತೀರ್ಪು ಹೇಳುತ್ತದೆ. ಇಂದು ತಿರಸ್ಕೃತವಾದ ಅರ್ಜಿಯೂ ನಾಳೆ ಹೈಕೋರ್ಟಿನಲ್ಲಿ ನಿಮ್ಮ ಕೈಯಲ್ಲಿರುವ ದಾಖಲೆ.

ನ್ಯಾಯಾಧೀಶರ ಹುದ್ದೆಯೇ ತಿಂಗಳುಗಟ್ಟಲೆ ಖಾಲಿ ಇದ್ದರೆ, ಸಿವಿಲ್ ದಾವೆಯನ್ನು ಬೇರೆ ಕೋರ್ಟಿಗೆ ವರ್ಗಾಯಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ಸಾಕ್ಷಿ ಹೊರದೇಶದಲ್ಲಿದ್ದಾರೆ ಎಂಬ ಕಾರಣಕ್ಕೆ ನಿಂತಿದ್ದರೆ ಹೈಕೋರ್ಟಿನ 2020ರ ವಿಡಿಯೊ ಕಾನ್ಫರೆನ್ಸ್ ನಿಯಮಗಳನ್ನು ಉಲ್ಲೇಖಿಸಿ ಅರ್ಜಿ ಹಾಕಿ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗ ಪಾಟಿ ಸವಾಲಿಗೆಂದು ವಿಮಾನ ಹತ್ತಿ ಬರುವವರೆಗೆ ಕಾಯಬೇಕಿಲ್ಲ.

ನ್ಯಾಯಾಧೀಶರಿಗೆ ಖಾಸಗಿಯಾಗಿ ಪತ್ರ ಬರೆಯುವುದು, ಮನೆಗೆ ಹೋಗಿ ಕೈಮುಗಿಯುವುದು ಮಾತ್ರ ಬೇಡವೇ ಬೇಡ.

ಹಂತ 4: ಮನುಷ್ಯ ಜೈಲಿನಲ್ಲಿದ್ದರೆ, ಇದನ್ನೇ ಮೊದಲು ಓದಿ

ಸಿವಿಲ್ ದಾವೆ ತಡವಾದರೆ ಹಣ, ನೆಮ್ಮದಿ ಹೋಗುತ್ತದೆ. ಇಲ್ಲಿ ಹೋಗುವುದು ಆಯುಸ್ಸು. ಆದ್ದರಿಂದಲೇ ಕಾನೂನು ಇಲ್ಲಿ ಲೆಕ್ಕದ ಭಾಷೆಯಲ್ಲಿ ಮಾತನಾಡುತ್ತದೆ.

ಆರೋಪಪಟ್ಟಿ ಇನ್ನೂ ಸಲ್ಲಿಕೆಯಾಗಿಲ್ಲವೇ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಈ ಹಂತದ ಕಲಮುಗಳೆಲ್ಲ ಅದರವೇ) 187ನೇ ಕಲಮಿನ ಪ್ರಕಾರ ಬಂಧನದಲ್ಲಿ 60 ದಿನ, ಅಥವಾ ಮರಣದಂಡನೆ, ಜೀವಾವಧಿ, ಹತ್ತು ವರ್ಷ ಇಲ್ಲವೇ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ ದಾಟುತ್ತಿದ್ದಂತೆ ಜಾಮೀನು ಹಕ್ಕಾಗಿ ಸಿಗುತ್ತದೆ. ಯು.ಎ.ಪಿ.ಎ.ಯಂಥ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ವಿಶೇಷ ಕಾಯ್ದೆಗಳಲ್ಲಿ ಈ ಅವಧಿ ಇನ್ನೂ ಉದ್ದ. ಆರೋಪಪಟ್ಟಿ ಬರುವ ಮೊದಲೇ ಅರ್ಜಿ ಹಾಕಿರಬೇಕು. 61ನೆಯ ದಿನ ಬೆಳಿಗ್ಗೆ ಅರ್ಜಿ ಸಿದ್ಧವಿರಲಿ. ಮಧ್ಯಾಹ್ನದ ಹೊತ್ತಿಗೆ ಆರೋಪಪಟ್ಟಿ ಬಂದು ಕೂತರೆ, ಅರ್ಜಿ ಹಾಕದವರ ಹಕ್ಕು ಹೋಯಿತು.

ಆರೋಪಪಟ್ಟಿ ಬಂದು, ವಿಚಾರಣೆ ಎಳೆಯುತ್ತಿದೆಯೇ? 479ನೇ ಕಲಮು ನೋಡಿ. ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಜಾಮೀನು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಸಾಕು. ಮನೆಯೊಳಗಿನ ಕಳ್ಳತನಕ್ಕೆ ಗರಿಷ್ಠ ಏಳು ವರ್ಷ. ಮೊದಲ ಬಾರಿ ಸಿಕ್ಕಿಬಿದ್ದವರಿಗೆ 28 ತಿಂಗಳು, ಇತರರಿಗೆ 42 ತಿಂಗಳು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಈ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲು ದಾಖಲಾದ ಪ್ರಕರಣಗಳ ಕೈದಿಗಳಿಗೂ ಇದು ಅನ್ವಯ ಎಂದು ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅವಧಿ ಮುಗಿದ ಕೂಡಲೇ ಅರ್ಜಿ ಹಾಕಬೇಕಾದ ಹೊಣೆ ಜೈಲು ಅಧೀಕ್ಷಕರದ್ದೇ. ಹಾಗೆಂದು ಕಾಯಬೇಡಿ, ನೀವೇ ಲೆಕ್ಕ ಬರೆದು ಅಧೀಕ್ಷಕರಿಗೆ ಒಂದು ಪ್ರತಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಪ್ರತಿ ಕೊಡಿ.

ತೊಡಕುಗಳೂ ಇವೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಇಲ್ಲ. ಆರೋಪಿಯೇ ತಡ ಮಾಡಿದ ದಿನಗಳನ್ನು ಕಳೆಯುತ್ತಾರೆ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೂ ಈ ದಾರಿ ಮುಚ್ಚುತ್ತದೆ, ಇದು ನನ್ನ ಮಟ್ಟಿಗೆ ಈ ಕಲಮಿನ ಅತ್ಯಂತ ಕ್ರೂರ ಸಾಲು. ಹಾಗಾದಾಗ ಸಾಮಾನ್ಯ ಜಾಮೀನು ಅರ್ಜಿಯಲ್ಲೇ ವಿಳಂಬವನ್ನು ಮುಖ್ಯ ವಾದವಾಗಿ ಇಡಬೇಕು. ಯು.ಎ.ಪಿ.ಎ.ಯಂಥ ಕಠಿಣ ಕಾಯ್ದೆಯಡಿ ಕೂಡ, ವಿಚಾರಣೆ ಸದ್ಯಕ್ಕೆ ಮುಗಿಯುವ ಲಕ್ಷಣ ಇಲ್ಲದಿದ್ದರೆ ಹೈಕೋರ್ಟು, ಸುಪ್ರೀಂ ಕೋರ್ಟುಗಳು ಜಾಮೀನು ಕೊಡಬಹುದು ಎಂದು 2021ರ ಕೆ.ಎ. ನಜೀಬ್ ತೀರ್ಪು ಹೇಳಿದೆ. ಮ್ಯಾಜಿಸ್ಟ್ರೇಟರ ಮುಂದಿರುವ ಜಾಮೀನುರಹಿತ ಪ್ರಕರಣದಲ್ಲಿ ಸಾಕ್ಷ್ಯಕ್ಕೆ ಇಟ್ಟ ಮೊದಲ ತಾರೀಖಿನಿಂದ 60 ದಿನದೊಳಗೆ ವಿಚಾರಣೆ ಮುಗಿಯದೆ, ಆರೋಪಿ ಆ ಇಡೀ ಅವಧಿ ಒಳಗೇ ಇದ್ದರೆ, 480ನೇ ಕಲಮಿನ 6ನೇ ಉಪಕಲಮಿನಡಿ ಕೇಳಬಹುದು. ಇದು ಅನೇಕರ ನೆನಪಿಗೇ ಬರುವುದಿಲ್ಲ.

ಹಂತ 5: ಹೈಕೋರ್ಟ್

ಸಿವಿಲ್ ಪ್ರಕರಣಕ್ಕೆ ಸಂವಿಧಾನದ 227ನೇ ವಿಧಿಯ ಅರ್ಜಿ. ಕ್ರಿಮಿನಲ್ ಪ್ರಕರಣಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮು, ಜೊತೆಗೆ 226, 227ನೇ ವಿಧಿ. ಬೆಳಗಾವಿ, ಧಾರವಾಡ, ಬಳ್ಳಾರಿ, ಉತ್ತರ ಕನ್ನಡದ ಕಡೆಯವರು ಧಾರವಾಡ ಪೀಠಕ್ಕೆ, ಬೀದರ್, ಕಲಬುರಗಿ, ರಾಯಚೂರು, ವಿಜಯಪುರ, ಯಾದಗಿರಿಯವರು ಕಲಬುರಗಿ ಪೀಠಕ್ಕೆ ಹೋಗಬೇಕು.

ಹಿಂದೆ "ಆರು ತಿಂಗಳಲ್ಲಿ ಮುಗಿಸಿ" ಎಂಬ ನಿರ್ದೇಶನ ಸುಲಭವಾಗಿ ಸಿಗುತ್ತಿತ್ತು. 2024ರ ಫೆಬ್ರುವರಿ 29ರಂದು ಅಲಹಾಬಾದ್ ಹೈಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಇದಕ್ಕೆ ಕಡಿವಾಣ ಹಾಕಿತು: ಕೆಳಗಿನ ಕೋರ್ಟುಗಳಿಗೆ ಗಡುವು ಹಾಕುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ. ಹೈಕೋರ್ಟಿಗೆ ಹೋಗುವಷ್ಟು ಹಣವಿದ್ದವರು ಸಾಲು ದಾಟಿ ಮುಂದೆ ನಿಲ್ಲುವುದು ಸರಿಯಲ್ಲ ಎಂಬ ಮಾತನ್ನು ನಾನೂ ಒಪ್ಪುತ್ತೇನೆ, ನನ್ನ ಮೇಜಿನ ಮುಂದೆ ಕೂರುವವರಿಗೆ ಇದರಿಂದ ತೊಂದರೆಯಾದರೂ. ಆದ್ದರಿಂದ ಅರ್ಜಿಯಲ್ಲಿ ನಿಮ್ಮದು ಏಕೆ ಅಸಾಧಾರಣ ಎಂಬುದೇ ಮೊದಲ ಪುಟದಲ್ಲಿರಲಿ: 82 ವರ್ಷದ ವಾದಿ, ಕ್ಯಾನ್ಸರ್ ಇರುವ ಸಾಕ್ಷಿ, ಜೈಲಿನಲ್ಲಿರುವ ಆರೋಪಿ. ಅದರ ಬೆನ್ನಿಗೆ ತಾರೀಖುಗಳ ಪಟ್ಟಿ, ಕೆಳಗಿನ ಕೋರ್ಟಿನಲ್ಲಿ ಹಾಕಿದ ಅರ್ಜಿಯ ಪ್ರತಿ.

ಇದೇ ತೀರ್ಪಿನಿಂದ ಇನ್ನೊಂದು ಬದಲಾವಣೆಯಾಗಿದೆ. ತಡೆಯಾಜ್ಞೆ ಆರು ತಿಂಗಳಿಗೆ ತಾನಾಗಿ ಬಿದ್ದುಹೋಗುತ್ತದೆ ಎಂಬ 2018ರ ನಿಯಮ ಈಗ ಇಲ್ಲ. ಮೇಲಿನ ಕೋರ್ಟಿನ ತಡೆಯಾಜ್ಞೆಯಿಂದ ನಿಮ್ಮ ಪ್ರಕರಣ ನಿಂತಿದ್ದರೆ, ಅದನ್ನು ತೆರವುಗೊಳಿಸುವಂತೆ ನೀವೇ ಅರ್ಜಿ ಹಾಕಬೇಕು.

ವಿಳಂಬದ ಕಾರಣಕ್ಕೇ ಕ್ರಿಮಿನಲ್ ಮೊಕದ್ದಮೆ ರದ್ದಾಗುವುದುಂಟೇ? ಉಂಟು, ಅಪರೂಪಕ್ಕೆ. 2009ರ ವಕೀಲ್ ಪ್ರಸಾದ್ ಸಿಂಗ್ ಪ್ರಕರಣದಲ್ಲಿ ತನಿಖೆಯೇ ವರ್ಷಗಟ್ಟಲೆ ನಿದ್ದೆ ಹೋಗಿದ್ದನ್ನು ಕಂಡು ಸುಪ್ರೀಂ ಕೋರ್ಟ್ ರದ್ದು ಮಾಡಿತು. ತಡ ಪೂರ್ತಿ ಸರ್ಕಾರದ ಕಡೆಯದು ಎಂದು ನಿಮ್ಮ ಪುಸ್ತಕ ತೋರಿಸುತ್ತಿದ್ದರೆ ಮಾತ್ರ ಈ ದಾರಿಗೆ ಕೈಹಾಕಿ.

ಹಂತ 6: ವಾದ ಮುಗಿದ ಮೇಲೂ, ಗೆದ್ದ ಮೇಲೂ ತಡವಾದರೆ

ಸಿವಿಲ್ ತೀರ್ಪಿಗೆ 30 ದಿನ, ವಿಶೇಷ ಕಾರಣವಿದ್ದರೆ 60. ಸೆಷನ್ಸ್ ಪ್ರಕರಣಕ್ಕೆ 30, ವಿಸ್ತರಿಸಿದರೆ 45. ಹೈಕೋರ್ಟ್ ತೀರ್ಪು ಕಾಯ್ದಿರಿಸಿ ಮೂರು ತಿಂಗಳಾದರೆ ಬೇಗ ಪ್ರಕಟಿಸುವಂತೆ ಅದೇ ಪೀಠಕ್ಕೆ, ಆರು ತಿಂಗಳಾದರೆ ಬೇರೆ ಪೀಠಕ್ಕೆ ಕೊಡುವಂತೆ ಮುಖ್ಯ ನ್ಯಾಯಮೂರ್ತಿಗಳಿಗೆ ಅರ್ಜಿ ಹಾಕಬಹುದು. ಇದು 2001ರ ಅನಿಲ್ ರೈ ತೀರ್ಪು.

ಡಿಕ್ರಿ, ಅಂದರೆ ಸಿವಿಲ್ ದಾವೆಯ ತೀರ್ಪಿನ ಆದೇಶ, ಸಿಕ್ಕಿದ ಮೇಲೆ ನಿಜವಾದ ಅಲೆದಾಟ ಆರಂಭವಾಗುತ್ತದೆ. ಬೆಂಗಳೂರಿನ ಜಮೀನೊಂದರ ವ್ಯಾಜ್ಯದಲ್ಲೇ 2021ರಲ್ಲಿ ಸುಪ್ರೀಂ ಕೋರ್ಟ್, ಡಿಕ್ರಿಯನ್ನು ಜಾರಿ ಮಾಡಿಸಲು ಹಾಕುವ ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆಯಬೇಕು ಎಂದಿತು. ಅದು ರಾಹುಲ್ ಎಸ್. ಶಾ ಪ್ರಕರಣ. 2025ರ ಪೆರಿಯಮ್ಮಾಳ್ ತೀರ್ಪು ಎಲ್ಲ ಹೈಕೋರ್ಟುಗಳಿಗೂ ಬಾಕಿ ಅಮಲ್ಜಾರಿ ಅರ್ಜಿಗಳ ಲೆಕ್ಕ ತೆಗೆಯಲು ಹೇಳಿತು. ನಿಮ್ಮ ಅಮಲ್ಜಾರಿ ಅರ್ಜಿ ಆರು ತಿಂಗಳು ದಾಟಿದ್ದರೆ ಈ ಎರಡು ಹೆಸರುಗಳನ್ನು ಮೆಮೊದಲ್ಲಿ ಬರೆಸಿ.

ಪರಿಹಾರಧನ, ಮಾನವ ಹಕ್ಕು ಆಯೋಗ, ವಿಶ್ವಸಂಸ್ಥೆ

"ಕಳೆದುಹೋದ ವರ್ಷಗಳಿಗೆ ಹಣ ಕೊಡುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಇಟಲಿಯಲ್ಲಿ ಕೊಡುತ್ತಾರೆ. ಅಲ್ಲಿನ 2001ರ ಪಿಂಟೊ ಕಾಯ್ದೆಯ ಪ್ರಕಾರ ಮೊದಲ ಕೋರ್ಟಿಗೆ ಮೂರು ವರ್ಷ, ಮೇಲ್ಮನವಿಗೆ ಎರಡು, ಅತ್ಯುನ್ನತ ಕೋರ್ಟಿಗೆ ಒಂದು. ಮೀರಿದ ಪ್ರತಿ ವರ್ಷಕ್ಕೂ ಪರಿಹಾರ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಉಳಿದ ರುದುಲ್ ಸಾಹ್ ಅವರಿಗೆ 1983ರಲ್ಲಿ ಸುಪ್ರೀಂ ಕೋರ್ಟ್ 35,000 ರೂಪಾಯಿ ಕೊಡಿಸಿತು. ಅಕ್ರಮ ಬಂಧನ ಕಣ್ಣಿಗೆ ಹೊಡೆಯುವಂತಿದ್ದರೆ ಈ ದಾರಿ. ದಾವೆ ತಡವಾಯಿತು ಎಂಬುದಕ್ಕೆ ಇದನ್ನು ನಂಬಬೇಡಿ.

ಮಾನವ ಹಕ್ಕುಗಳ ಆಯೋಗ ನ್ಯಾಯಾಲಯದ ಮುಂದಿರುವ ವಿಷಯಕ್ಕೆ ಕೈಹಾಕುವುದಿಲ್ಲ, ಒಂದು ವರ್ಷಕ್ಕಿಂತ ಹಳೆಯ ಘಟನೆಯನ್ನೂ ವಿಚಾರಿಸುವುದಿಲ್ಲ. ಜೈಲಿನಲ್ಲಿ ಚಿಕಿತ್ಸೆ ಕೊಡದಿದ್ದರೆ, ಹೊಡೆದಿದ್ದರೆ ಅಲ್ಲಿಗೆ ದೂರು ಕೊಡಿ. ವಿಶ್ವಸಂಸ್ಥೆಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿದೆ. ಅದರ 14ನೇ ವಿಧಿಯಲ್ಲಿ ಅನಗತ್ಯ ತಡವಿಲ್ಲದ ವಿಚಾರಣೆಯ ಹಕ್ಕು ಇದೆ. ಆದರೆ ವ್ಯಕ್ತಿಗಳು ನೇರ ದೂರು ಕೊಡಲು ಅವಕಾಶ ಕೊಡುವ ಪೂರಕ ಒಪ್ಪಂದವನ್ನು ಭಾರತ ಒಪ್ಪಿಲ್ಲ. ಜಿನೀವಾಕ್ಕೆ ಅರ್ಜಿ ಕಳಿಸಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಇತರರಿಗೆ ಆದಾಯ ಪ್ರಮಾಣಪತ್ರ ಬೇಕು. ಹೈಕೋರ್ಟಿಗೂ ಈ ನೆರವು ಉಂಟು. ಸಹಾಯವಾಣಿ 15100. ಇಲ್ಲವೇ ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ರಾಜಿಗೆ ಮನಸ್ಸಿದ್ದರೆ ಲೋಕ ಅದಾಲತ್ತೂ ಅಲ್ಲೇ. ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಆದರೆ ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಸುಸ್ತಾಗಿದೆ ಎಂಬ ಒಂದೇ ಕಾರಣಕ್ಕೆ ಸಹಿ ಹಾಕಬೇಡಿ, ಒಂದು ರಾತ್ರಿ ಮಲಗಿ ಯೋಚಿಸಿ.

ಬರುವಾಗ ಸಿ.ಎನ್.ಆರ್. ಸಂಖ್ಯೆ, ಆಧಾರ್, ಕೊನೆಯ ಆದೇಶದ ಪ್ರತಿ, ಎಷ್ಟು ಸಿಕ್ಕಿದೆಯೋ ಅಷ್ಟು ಆರ್ಡರ್ ಶೀಟ್ ತನ್ನಿ. ನೋಟ್ ಪುಸ್ತಕ ನಮ್ಮಲ್ಲೇ ಇರುತ್ತದೆ.